ಅಳೆಯದ ಮಣ್ಣಿಗೆ ಅಂಕಿ ಬರೆದು ಸಹಿ ಹಾಕಿದ್ದೇನೆ: ಈ ವೃತ್ತಿಗೆ ಕಟ್ಟುಪಾಡು ಎಲ್ಲಿದೆ?

ಪ್ರಶ್ನೆ: ಪದವೀಧರೆ, ಕುಶಾಲನಗರ

ಮಾನ್ಯರೇ, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಎಂಟು ತಿಂಗಳಿನಿಂದ ಖಾಸಗಿ ಮಣ್ಣು ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ಕಾಫಿ ತೋಟಗಳ ಮಾದರಿಗಳನ್ನು ಅಳೆಯುವಾಗ ಮಣ್ಣಿನ ಹುಳಿಯನ್ನು ತೋರಿಸುವ ಪಿಎಚ್ ಮೀಟರಿನ ಅಂಕಿ ಒಂದೆಡೆ ನಿಲ್ಲದೆ ಸರಿಯುತ್ತಲೇ ಇತ್ತು. ವರದಿ ಅಂದೇ ಸಂಜೆ ಹೋಗಬೇಕಾಗಿದ್ದರಿಂದ, ಉಳಿದ ಹನ್ನೆರಡು ಮಾದರಿಗಳಿಗೆ ಪಕ್ಕದ ತೋಟದ ಅಂಕಿಗಳನ್ನೇ ತುಸು ಹೆಚ್ಚುಕಡಿಮೆ ಮಾಡಿ ಬರೆಯುವಂತೆ ಮೇಲಿನವರು ಹೇಳಿದರು. ನಾನು ಬರೆದೆ, ಕೆಳಗೆ ಸಹಿಯನ್ನೂ ಹಾಕಿದೆ. ಅಂದಿನಿಂದ ಆ ಪುಟ ಕಣ್ಣಿಗೆ ಕಟ್ಟಿದಂತಿದೆ. ವಕೀಲರಿಗೆ ಬಾರ್ ಕೌನ್ಸಿಲ್ ಇರುವಂತೆ ನಮ್ಮಂಥವರಿಗೂ ಒಂದು ಮಂಡಳಿ ಇದೆಯೇ? ಇದೇ ವೃತ್ತಿಯಲ್ಲಿ ಮುಂದುವರಿಯುವ ಆಸೆಯಿದೆ. ಕೊಡಗಿನಲ್ಲಿದ್ದವರಿಗೆ ದಾರಿ ಯಾವುದು?

ಉತ್ತರ: ನಿವೃತ್ತ ವಿಶ್ಲೇಷಕ, ಮಡಿಕೇರಿ

ಅಮ್ಮಾ, ವಿಜ್ಞಾನ ಕ್ಷೇತ್ರದ ಎಲ್ಲರನ್ನೂ ನೋಂದಾಯಿಸುವ ಮಂಡಳಿ ನಮ್ಮ ದೇಶದಲ್ಲಿಲ್ಲ. ವೈದ್ಯಕೀಯ ಪ್ರಯೋಗಾಲಯದವರನ್ನು ಒಳಗೊಂಡ ಕಾಯ್ದೆಯೊಂದು 2021ರಲ್ಲಿ ಬಂದಿದೆ, ಅಷ್ಟೆ. ಬ್ರಿಟನ್ನಿನ ಸೈನ್ಸ್ ಕೌನ್ಸಿಲ್ ಚಾರ್ಟರ್ಡ್ ಸೈಂಟಿಸ್ಟ್‌ನಿಂದ ಹಿಡಿದು ನೋಂದಾಯಿತ ತಂತ್ರಜ್ಞರವರೆಗೆ ದರ್ಜೆಗಳನ್ನು ಕೊಡುತ್ತದೆ. ನಮ್ಮಲ್ಲಿ ಮಾನದಂಡವಿರುವುದು ಹೆಚ್ಚಾಗಿ ಪ್ರಯೋಗಾಲಯಕ್ಕೆ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಆಧಾರವಾಗಿಟ್ಟುಕೊಂಡಿರುವ ಐಎಸ್‌ಒ/ಐಇಸಿ 17025 ಎಂಬ ಅಂತರರಾಷ್ಟ್ರೀಯ ಮಾನದಂಡದ 2017ರ ಆವೃತ್ತಿಯ ಪ್ರಕಾರ, ದಾಖಲೆಯನ್ನು ತಿದ್ದಿದರೆ ಹಳೆಯ ಅಂಕಿಯೂ ಹೊಸ ಅಂಕಿಯೂ ಉಳಿದಿರಬೇಕು, ಯಾರು, ಯಾವಾಗ ತಿದ್ದಿದರೆಂಬುದೂ ತಿಳಿಯುವಂತಿರಬೇಕು.

ನಿಮ್ಮ ಮೀಟರಿನ ಅಂಕಿ ಸರಿಯಲು, ಮಾದರಿಯಲ್ಲಿ ಅದ್ದುವ ಕಡ್ಡಿ ಅಂದರೆ ಎಲೆಕ್ಟ್ರೋಡ್ ಒಣಗಿದ್ದುದೋ, ಬಟ್ಟಿ ಇಳಿಸಿದ ನೀರಿನಲ್ಲಿಯೇ ಬಿಟ್ಟಿದ್ದುದೋ ಕಾರಣವಿರಬಹುದು. ಅದನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ, ಪಿಎಚ್ 7 ಮತ್ತು 4 ಎಂದು ನಿಶ್ಚಿತವಾಗಿರುವ ಬಫರ್ ದ್ರಾವಣಗಳಲ್ಲಿ ಮೀಟರನ್ನು ಸರಿಹೊಂದಿಸಿ. ಆ ಹನ್ನೆರಡು ಚೀಲಗಳಲ್ಲಿ ಮಣ್ಣು ಉಳಿದಿದ್ದರೆ, 10 ಗ್ರಾಂ ಮಣ್ಣಿಗೆ 25 ಮಿಲಿಲೀಟರ್ ನೀರು ಬೆರೆಸಿ, ಅರ್ಧ ಗಂಟೆ ಆಗಾಗ ಕಲಕುತ್ತಿದ್ದು ಮತ್ತೆ ಅಳೆಯಿರಿ. ಹಳೆಯ ಅಂಕಿಯ ಮೇಲೆ, ಅದು ಓದಲು ಬರುವಂತೆ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಹೊಸ ಅಂಕಿ, ಕಾರಣ, ದಿನಾಂಕ ಬರೆದು ಸಹಿ ಮಾಡಿ. ವೈಟ್ನರ್ ಮುಟ್ಟಲೇಬೇಡಿ.

ಉತ್ತರ: ಬೆಳೆಗಾರ, ವಿರಾಜಪೇಟೆ ತಾಲ್ಲೂಕು

ತಂಗಿ, ವರದಿ ನಂಬಿ ಸುಣ್ಣ ಹಾಕುವವನ ಮಾತನ್ನೂ ಕೇಳಿ. ನಮ್ಮ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಪಿಎಚ್ 6 ಇರುವ ಮಣ್ಣಿಗಿಂತ 5 ಇರುವ ಮಣ್ಣಿನ ಆಮ್ಲೀಯತೆ ಹತ್ತು ಪಟ್ಟು ಹೆಚ್ಚು. ಕಾಗದದಲ್ಲಿ ಒಂದೇ ಅಂಕಿಯ ವ್ಯತ್ಯಾಸ, ತೋಟದಲ್ಲಿ ಲಾರಿಗಟ್ಟಲೆ ಸುಣ್ಣದ ಲೆಕ್ಕ. ಹಾಗೆಂದು ಅಳತೆ ಮೀರಿ ಸುರಿದರೆ ಸತು, ಕಬ್ಬಿಣ ಗಿಡಕ್ಕೆ ಸಿಗದಂತಾಗಿ ಎಲೆ ಹಳದಿಯಾಗುತ್ತದೆ. ಹಿಂದೊಮ್ಮೆ ನನಗೆ ಬಂದ ವರದಿಯಲ್ಲಿ ಗದ್ದೆಯ ಮಣ್ಣಿಗೂ ಅದಕ್ಕೆ ಹೊಂದಿಕೊಂಡ ಎತ್ತರದ ಬಾಣೆ ಜಾಗದ ಮಣ್ಣಿಗೂ ದಶಮಾಂಶ ಸಹಿತ ಒಂದೇ ಅಂಕಿಗಳಿದ್ದವು. ಅದರ ಮೇಲೂ ಯಾರದೋ ಸಹಿ ಇತ್ತು. ಆ ಪ್ರಯೋಗಾಲಯಕ್ಕೆ ನಾನು ಮತ್ತೆ ಹೋಗಲಿಲ್ಲ. ತಪ್ಪಾಗಿದೆ ಎಂದು ಅವರೇ ಫೋನ್ ಮಾಡಿ ಹೇಳಿದ್ದರೆ ಖಂಡಿತ ಹೋಗುತ್ತಿದ್ದೆ.

ಉತ್ತರ: ಉಪನ್ಯಾಸಕಿ, ಗೋಣಿಕೊಪ್ಪಲು

ಮುಂದಿನ ದಾರಿಯ ಬಗ್ಗೆ ಹೇಳುವುದಾದರೆ, ಎಂ.ಎಸ್ಸಿ. ಮಾಡಿಕೊಳ್ಳುವುದು ಒಳ್ಳೆಯದು, ಐಐಟಿಗಳ ಪ್ರವೇಶಕ್ಕೆ ಜಾಮ್ ಪರೀಕ್ಷೆ ಇದೆ. ಆಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಆಹಾರ ವಿಶ್ಲೇಷಕರ ಪರೀಕ್ಷೆಯತ್ತಲೂ ಗಮನವಿರಲಿ, ಏಕೆಂದರೆ ಅಲ್ಲಿ ಅರ್ಹತೆ ಪ್ರಯೋಗಾಲಯದ್ದಲ್ಲ, ನಿಮ್ಮದೇ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ ಇವೆ. ಯೋಜನಾ ಸಹಾಯಕರ ತಾತ್ಕಾಲಿಕ ಹುದ್ದೆಗಳ ಪ್ರಕಟಣೆಗಳನ್ನು ಗಮನಿಸುತ್ತಿರಿ. ಸಂದರ್ಶನದಲ್ಲಿ ನನ್ನ ಪಾಲಿಗೆ ಅಂಕಪಟ್ಟಿಗಿಂತ ಮುಖ್ಯವಾದದ್ದು, ಅಭ್ಯರ್ಥಿ ತಾನೇ ಬರೆದ ಪ್ರಯೋಗದ ಪುಸ್ತಕದ ಯಾವುದಾದರೂ ಪುಟವನ್ನು ತೆರೆದು ಅಂದು ಏನು ಮಾಡಿದೆನೆಂದು ವಿವರಿಸಬಲ್ಲನೇ ಎಂಬುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಚೀಲಗಳನ್ನು ಎಸೆದಿಲ್ಲ, ಹನ್ನೆರಡರಲ್ಲಿ ಹನ್ನೊಂದು ಸಿಕ್ಕಿವೆ. ಎಲೆಕ್ಟ್ರೋಡ್ ನೆನೆಯಲು ಇಟ್ಟಿದ್ದೇನೆ. ಸೋಮವಾರ ಮೇಲಿನವರಿಗೆ ತಿಳಿಸಿಯೇ ಅಳೆದು, ಆ ತೋಟದವರಿಗೆ ಫೋನ್ ಮಾಡುತ್ತೇನೆ.