‘ವೈರಸ್ ಯಾರಿಂದ ಬಂತು ಎಂಬ ಪ್ರಶ್ನೆ ಮನೆ ಮುರಿಯುತ್ತಿದೆ’: ಓದುಗರ ಸ್ಪಂದನ

ಕುಮಟಾ ತಾಲೂಕಿನ ಹಳ್ಳಿಯೊಂದರ 37 ವರ್ಷದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟವನ್ನು ತೋಡಿಕೊಂಡಿದ್ದರು. ಬಿಳಿಸೆರಗಿನ ತೊಂದರೆಗೆಂದು ಹೋದಾಗ ಮಾಡಿದ ತಪಾಸಣೆಯಲ್ಲಿ ಅವರ ಪ್ಯಾಪ್ ಸ್ಮಿಯರ್ (ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕೋಶಗಳ ಪರೀಕ್ಷೆ) ಸಹಜವೆಂದು ಬಂದರೂ ಎಚ್‌ಪಿವಿ 16 ಎಂಬ ವೈರಸ್ ಪಾಸಿಟಿವ್ ಎಂದು ಬಂದಿದೆ. ಕೊಲ್ಪೊಸ್ಕೋಪಿ (ಗರ್ಭಕಂಠವನ್ನು ಮಸೂರದಿಂದ ನೋಡುವ ಪರೀಕ್ಷೆ) ಮಾಡಿಸಿಕೊಳ್ಳುವಂತೆ ವೈದ್ಯರು ಸೂಚಿಸಿದ್ದಾರೆ. ಇದು ದೈಹಿಕ ಸಂಪರ್ಕದಿಂದ ಬರುವ ಸೋಂಕು ಎಂದು ತಿಳಿದಂದಿನಿಂದ ಗೋವಾದಲ್ಲಿ ಕೆಲಸದಲ್ಲಿರುವ ಪತಿ ಸರಿಯಾಗಿ ಮಾತನಾಡುತ್ತಿಲ್ಲ. ಇವರಿಗೂ ಪತಿಯ ಮೇಲೆ ಸಂಶಯ ಹುಟ್ಟಿದೆ. ಪರಿಚಯದವರೊಬ್ಬರು ಗರ್ಭಕೋಶವನ್ನೇ ತೆಗೆಸಿಬಿಡುವಂತೆ ಹೇಳಿದ್ದಾರೆ. 12 ವರ್ಷದ ಮಗಳಿಗೆ ಈ ವೈರಸ್ ತಡೆಯುವ ಲಸಿಕೆ ಹಾಕಿಸೋಣವೆಂದರೆ, ಅದರಿಂದ ಮುಂದೆ ಮಕ್ಕಳಾಗುವುದಿಲ್ಲವೆಂದು ಅತ್ತೆ ತಡೆಯುತ್ತಿದ್ದಾರೆ. ಬಂದ ಪತ್ರಗಳಲ್ಲಿ ಆಯ್ದ ಕೆಲವನ್ನು ಇಲ್ಲಿ ಕೊಟ್ಟಿದ್ದೇವೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

*

ಸಹೋದರಿ, ‘ನನಗೆ ಕ್ಯಾನ್ಸರ್ ಬಂದ ಹಾಗೆಯೇ ಅಲ್ಲವೇ’ ಎಂದು ನೀವು ಕೇಳಿದ್ದೀರಿ. ಅಲ್ಲ. ನಿಮ್ಮ ವರದಿ ಹೇಳುತ್ತಿರುವುದು ಗರ್ಭಕಂಠದಲ್ಲಿ ಒಂದು ವೈರಸ್ ಇದೆ ಎಂಬುದನ್ನು ಮಾತ್ರ. ಅದು ಅಲ್ಲಿನ ಕೋಶಗಳಿಗೆ ಏನಾದರೂ ಹಾನಿ ಮಾಡಿದೆಯೇ ಎಂಬುದನ್ನು ಇನ್ನಷ್ಟೇ ನೋಡಬೇಕಾಗಿದೆ.

ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಎಂಬ ಹೆಸರಿನಡಿ 200ಕ್ಕೂ ಹೆಚ್ಚು ಬಗೆಗಳಿವೆ. ಮಕ್ಕಳ ಕೈಬೆರಳಿನ ಮೇಲೆ ಏಳುವ ನರಹುಲಿಯೂ ಇವುಗಳಲ್ಲೇ ಕೆಲವು ಬಗೆಗಳ ಕೆಲಸ. ಜನನಾಂಗದ ಸುತ್ತ ನರಹುಲಿ ಏಳಿಸುವ 6 ಮತ್ತು 11ನೇ ಬಗೆಗಳು ಕಿರಿಕಿರಿ ಕೊಡುತ್ತವೆಯೇ ಹೊರತು ಕ್ಯಾನ್ಸರಿಗೆ ತಿರುಗುವುದು ತೀರಾ ಅಪರೂಪ. ಹೆಚ್ಚಿನ ಅಪಾಯದವೆಂದು ಗುರುತಿಸಿರುವುದು ಸುಮಾರು 14 ಬಗೆಗಳನ್ನು. ಅವುಗಳಲ್ಲಿ 16 ಮತ್ತು 18 ಎರಡೇ ಸೇರಿ ಜಗತ್ತಿನ ಗರ್ಭಕಂಠದ ಕ್ಯಾನ್ಸರುಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಕಾರಣವಾಗುತ್ತವೆ. ಈ ನಂಟನ್ನು 1980ರ ದಶಕದಲ್ಲಿ ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಿಮ್ಮಲ್ಲಿ ಕಂಡಿರುವುದು 16 ಆದ್ದರಿಂದಲೇ, ಪ್ಯಾಪ್ ಸ್ಮಿಯರ್ ಸಹಜವಿದ್ದರೂ ವೈದ್ಯರು ವರ್ಷ ಬಿಟ್ಟು ಬನ್ನಿ ಎನ್ನದೆ ಕೊಲ್ಪೊಸ್ಕೋಪಿಗೆ ಕಳಿಸುತ್ತಿದ್ದಾರೆ. ಬೇರೆ ಬಗೆ ಕಂಡಿದ್ದರೆ ಸಾಮಾನ್ಯವಾಗಿ ಒಂದು ವರ್ಷದ ನಂತರ ಮತ್ತೆ ಪರೀಕ್ಷಿಸುತ್ತಾರೆ.

ಈ ಸೋಂಕು ತಗುಲಿದ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ದೇಹವೇ ಒಂದೆರಡು ವರ್ಷಗಳೊಳಗೆ ಅದನ್ನು ಹತ್ತಿಕ್ಕುತ್ತದೆ. ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಉಳಿದವರಲ್ಲಿ ವೈರಸ್ ಬೀಡುಬಿಟ್ಟು, ಕೋಶಗಳು ಮೆಲ್ಲಗೆ ಬದಲಾಗುತ್ತ, ಕ್ಯಾನ್ಸರ್ ಆಗುವ ಹೊತ್ತಿಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿಯಂತಹ ಕಾರಣದಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಮಾತ್ರ ಈ ಅವಧಿ ತುಂಬ ಕಿರಿದಾಗುತ್ತದೆ. ಇಷ್ಟು ದೀರ್ಘ ಕಾಲಾವಕಾಶ ಕೊಡುವ ಕ್ಯಾನ್ಸರ್ ಬೇರೆ ಹೆಚ್ಚಿಲ್ಲ. ಹಾಗಿದ್ದೂ 2022ರ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ನಮ್ಮ ದೇಶದ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಇದು ಹೊಸದಾಗಿ ಕಾಣಿಸಿಕೊಂಡಿತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಹೆಚ್ಚಿನವರು ಆಸ್ಪತ್ರೆಗೆ ಬರುವುದೇ ರಕ್ತಸ್ರಾವ ಶುರುವಾದ ಮೇಲೆ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೀವಮಾನದಲ್ಲಿ ಒಂದೇ ಸಲ ಎಚ್‌ಪಿವಿ ಪರೀಕ್ಷೆ ಮಾಡಿ ಅಗತ್ಯವಿದ್ದವರಿಗೆ ಚಿಕಿತ್ಸೆ ಕೊಟ್ಟಿದ್ದರಿಂದಲೇ ಈ ಕ್ಯಾನ್ಸರಿನ ಸಾವು ಅರ್ಧದಷ್ಟು ಇಳಿದಿತ್ತು. ನೀವು ಈಗ ಆ ಪರೀಕ್ಷೆ ಮಾಡಿಸಿಕೊಂಡವರ ಸಾಲಿನಲ್ಲಿದ್ದೀರಿ.

ಕೊಲ್ಪೊಸ್ಕೋಪಿ ಎಂದರೆ ಶಸ್ತ್ರಚಿಕಿತ್ಸೆಯಲ್ಲ. ಹೆರಿಗೆ ತಪಾಸಣೆಗೆ ಮಲಗಿದಂತೆಯೇ ಮಲಗಿಸಿ, ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲವನ್ನು ಹತ್ತಿಯಿಂದ ಹಚ್ಚಿ, ಒಂದು ನಿಮಿಷ ಕಾದು, ದೊಡ್ಡದಾಗಿ ತೋರಿಸುವ ಮಸೂರದಿಂದ ನೋಡುತ್ತಾರೆ. ಆ ಮಸೂರ ಹೊರಗೇ ಇರುತ್ತದೆ, ಮೈಯೊಳಗೆ ಹೋಗುವುದಿಲ್ಲ. ಕೋಶಗಳು ಕೆಟ್ಟಿರುವ ಕಡೆ ಬೆಳ್ಳಗಿನ ಕಲೆ ಮೂಡುತ್ತದೆ. ಅಲ್ಲಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ, ಆಗ ಚಿವುಟಿದಂತಾಗುತ್ತದೆ. ಆಮ್ಲ ಹಚ್ಚುವಾಗ ಸ್ವಲ್ಪ ಉರಿಯಬಹುದು. ಇದನ್ನು ಮುಂಚೆಯೇ ಹೇಳದೆ ಇದ್ದರೆ ಹೆಂಗಸರು ಹೆದರಿ ಎದ್ದುಬಿಡುತ್ತಾರೆ, ಅದಕ್ಕೇ ಬಿಡಿಸಿ ಬರೆದೆ.

— ನಿವೃತ್ತ ಶುಶ್ರೂಷಾಧಿಕಾರಿ, ಕಾರವಾರ

*

ನಾನು ಶಿರಸಿ ಕಡೆಯ ತೋಟದ ಮನೆಯವಳು. ನಿಮ್ಮ ಪತ್ರದಲ್ಲಿ ‘ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆಯನ್ನು ಓದಿದಾಗ ಸುಮ್ಮನಿರಲು ಆಗಲಿಲ್ಲ, ಏಕೆಂದರೆ ಇದೇ ಮಾತನ್ನು ನನಗೂ ಹೇಳಿದ್ದರು, ಅದೂ ಬಯಾಪ್ಸಿಯ ವರದಿ ಬರುವ ಮೊದಲೇ, ಒಂದು ಕಡೆಯ ವೈದ್ಯರೇ. ನಮ್ಮ ಕಡೆ ಬಿಳಿಸೆರಗಿಗೂ ಅದೇ ಪರಿಹಾರ, ಹೊಟ್ಟೆನೋವಿಗೂ ಅದೇ ಪರಿಹಾರ ಎಂಬಂತಾಗಿದೆ. ನನ್ನ ತಮ್ಮ ಹಟ ಹಿಡಿದು ಹುಬ್ಬಳ್ಳಿಗೆ ಕರೆದೊಯ್ದ.

ನನ್ನ ಬಯಾಪ್ಸಿಯಲ್ಲಿ ಸಿಐಎನ್ 3 ಎಂದು ಬಂತು. ಕೋಶಗಳ ಬದಲಾವಣೆಯನ್ನು 1, 2, 3 ಎಂದು ಅಳೆಯುತ್ತಾರೆ. 1 ಇದ್ದರೆ ಬಹಳ ಸಲ ತಾನಾಗಿ ಸರಿಹೋಗುತ್ತದೆಂದು ಕಾದು ನೋಡುತ್ತಾರೆ, 3 ಎಂದರೆ ಕ್ಯಾನ್ಸರಿನ ಹಿಂದಿನ ಹಂತ, ಆದರೆ ಕ್ಯಾನ್ಸರ್ ಅಲ್ಲ. ಆ ಭಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ವಿದ್ಯುತ್ ಹಾಯಿಸಿದ ತೆಳ್ಳನೆಯ ತಂತಿಯ ಕುಣಿಕೆಯಿಂದ ಗರ್ಭಕಂಠದ ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ತೆಗೆದರು. ಲೀಪ್ ಎನ್ನುತ್ತಾರೆ ಅದಕ್ಕೆ. ಸಂಜೆಯ ಬಸ್ಸಿಗೆ ಮನೆಗೆ ಬಂದೆ. ಆಮೇಲೆ ಕೆಲವು ವಾರ ಕಂದು ಬಣ್ಣದ ಸ್ರಾವ ಇತ್ತು. ಸುಮಾರು ಒಂದು ತಿಂಗಳು ಗಂಡಹೆಂಡಿರ ಸಂಪರ್ಕ ಬೇಡ, ಭಾರ ಎತ್ತುವುದು ಬೇಡ ಎಂದಿದ್ದರು. ಅದು ಕೊಯ್ಲಿನ ಕಾಲ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದೆನೇ ಹೊರತು, ಬೇಯಿಸುವ ಹಂಡೆ ಮುಟ್ಟಲು ಮನೆಯವರು ಬಿಡಲಿಲ್ಲ. ಗರ್ಭಕೋಶ ಇದ್ದಲ್ಲೇ ಇದೆ, ಪ್ರತಿಸಲದ ತಪಾಸಣೆಗೂ ತಪ್ಪದೆ ಹೋಗುತ್ತಿದ್ದೇನೆ.

ಬರೀ ಎಚ್‌ಪಿವಿ ಪಾಸಿಟಿವ್ ಎಂಬುದು ಗರ್ಭಕೋಶ ತೆಗೆಯಲು ಕಾರಣವೇ ಅಲ್ಲ ಎಂದು ಅಲ್ಲಿನ ವೈದ್ಯರು ನನಗೆ ತಿಳಿಸಿ ಹೇಳಿದರು. ತೆಗೆದರೂ ವೈರಸ್ ಯೋನಿಯ ಭಾಗದಲ್ಲಿ ಉಳಿಯಬಹುದು, ತಪಾಸಣೆ ತಪ್ಪುವುದಿಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದುಬಿಟ್ಟರೆ 37ಕ್ಕೇ ಮುಟ್ಟು ನಿಂತು, ಮೈ ಬಿಸಿಯೇರುವುದು, ಮೂಳೆ ಸವೆಯುವುದು ಎಲ್ಲ ಶುರುವಾಗುತ್ತದೆ. ಯಾರಾದರೂ ಒತ್ತಾಯಿಸಿದರೆ ಬಯಾಪ್ಸಿಯ ವರದಿ ಎಲ್ಲಿ ಎಂದು ಕೇಳಿ. ವರದಿ ಇಲ್ಲದಿದ್ದರೆ ಎದ್ದು ಬನ್ನಿ. ಇನ್ನೊಂದು ಮಾತು. ಈ ವೈರಸ್ಸನ್ನೇ ಓಡಿಸುವ ಔಷಧ ಯಾವ ಪದ್ಧತಿಯಲ್ಲೂ ಇಲ್ಲ, ಚಿಕಿತ್ಸೆ ಇರುವುದು ಅದು ಮಾಡಿದ ಹಾನಿಗೆ. ಕಷಾಯದ ಹೆಸರಿನಲ್ಲಿ ತಿಂಗಳುಗಟ್ಟಲೆ ಕಳೆಯಬೇಡಿ.

— ಗೃಹಿಣಿ, ಶಿರಸಿ ತಾಲೂಕು

*

ನಾನು ಬರೆಯುತ್ತಿರುವುದು ನಿಮಗಿಂತ ನಿಮ್ಮ ಯಜಮಾನರಿಗೆ. ದಯವಿಟ್ಟು ಈ ಪುಟವನ್ನು ಅವರಿಗೆ ಕೊಡಿ.

ಸ್ವಾಮಿ, ವರದಿಯಲ್ಲಿ ವೈರಸ್ಸಿನ ಬಗೆಯನ್ನು ಬರೆದಿರುತ್ತಾರೆ, ಅದು ಬಂದ ದಿನಾಂಕವನ್ನಲ್ಲ. ಈ ಸೋಂಕು ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಮೈಯಲ್ಲಿ ಅಡಗಿದ್ದು, ಎಷ್ಟೋ ಕಾಲದ ನಂತರ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಅದು ಮದುವೆಯ ಹಿಂದಿನದಿರಬಹುದು, ನಿಮ್ಮ ಕಡೆಯಿಂದ ಬಂದದ್ದೂ ಇರಬಹುದು. ದಾಂಪತ್ಯ ನಡೆಸುವ ಬಹುತೇಕ ಹೆಂಗಸರಿಗೂ ಗಂಡಸರಿಗೂ ಜೀವನದಲ್ಲಿ ಎಂದಾದರೊಮ್ಮೆ ಇದರ ಯಾವುದೋ ಒಂದು ಬಗೆ ತಗುಲಿಯೇ ಇರುತ್ತದೆ. ಚರ್ಮಕ್ಕೆ ಚರ್ಮ ತಾಗಿದರೂ ಹರಡುವುದರಿಂದ ಕಾಂಡೋಮ್ ಅಪಾಯವನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಗಂಡಸರಿಗೆಂದು ಒಪ್ಪಿತವಾದ ತಪಾಸಣೆಯೇ ಇಲ್ಲದ ಕಾರಣ ನೀವು ಹೋಗಿ ‘ನನ್ನಲ್ಲಿ ಇಲ್ಲ’ ಎಂದು ಬರೆಸಿಕೊಂಡು ಬರಲೂ ಆಗುವುದಿಲ್ಲ. ಹಾಗಾಗಿ ಯಾರಿಂದ ಬಂತು ಎಂಬ ಪ್ರಶ್ನೆಗೆ ಯಾವ ವೈದ್ಯರೂ ಉತ್ತರ ಕೊಡಲಾರರು, ಪಂಚಾಯತಿಕೆ ಮಾಡುವ ಊರವರಂತೂ ಕೊಡಲಾರರು. ಇದು ಬರೀ ಹೆಂಗಸರ ಕಾಯಿಲೆ ಎಂದೂ ತಿಳಿಯಬೇಡಿ; ಗಂಟಲು, ಗುದದ್ವಾರ, ಶಿಶ್ನದ ಕೆಲವು ಕ್ಯಾನ್ಸರುಗಳಿಗೂ ಇದೇ ವೈರಸ್ ಕಾರಣ.

ಜಿಲ್ಲೆಯಲ್ಲಿ ಸುಸಜ್ಜಿತ ಆಸ್ಪತ್ರೆ ಬೇಕೆಂದು ನಾವು ಕೂಗಿ ಕೂಗಿ ಸೋತಿದ್ದೇವೆ. ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಅಲ್ಲಿ ಆಗದಿದ್ದರೆ ಮಣಿಪಾಲವೋ ಹುಬ್ಬಳ್ಳಿಯೋ ಗೋವಾದ ಬಾಂಬೋಳಿಯೋ, ನಮ್ಮವರಿಗೆ ಎಲ್ಲದಕ್ಕೂ ಇರುವ ದಾರಿಗಳೇ. ಯಾವುದಾದರೂ ಸರಿ, ರಜೆ ಹಾಕಿ ನೀವೇ ಜೊತೆಗೆ ಹೋಗಿ. ಆ ಹೆಣ್ಣುಮಗಳು ಒಬ್ಬಳೇ ಬಸ್ಸು ಹತ್ತುವ ಹಾಗೆ ಮಾಡಬೇಡಿ.

— ಸಾರಿಗೆ ನೌಕರ, ಹೊನ್ನಾವರ

*

ಮಾನ್ಯರೇ, ತಮ್ಮ ಅತ್ತೆಯವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಈ ಲಸಿಕೆ ಹಾಕುತ್ತಿದ್ದಾಗ ಕೆಲವು ಹುಡುಗಿಯರು ಸತ್ತರೆಂಬ ಸುದ್ದಿ ದೇಶವೆಲ್ಲ ಹಬ್ಬಿ, 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖೆ ಹೇಳಿತಾದರೂ, ಪಾಲಕರ ಒಪ್ಪಿಗೆ ಪಡೆದ ರೀತಿಯಲ್ಲಿ ನಿಜವಾದ ಲೋಪಗಳಿದ್ದವು. ಸಂಸದೀಯ ಸಮಿತಿಯೂ ಅದನ್ನು ಕಟುವಾಗಿ ಟೀಕಿಸಿತು. ಒಮ್ಮೆ ಹುಟ್ಟಿದ ಅಪನಂಬಿಕೆ ಊರಿಂದೂರಿಗೆ ಬಣ್ಣ ಕಟ್ಟಿಕೊಂಡು ಹೋಗುವುದು ಸಹಜ.

ಆ ತಡೆಯಿಂದ ಇನ್ನೊಂದು ಸಂಗತಿಯೂ ಹೊರಬಂತು, ವಿಜ್ಞಾನ ಹೇಳಿಕೊಡುವವನಾದ ನನಗೆ ಅದರಲ್ಲಿ ವಿಶೇಷ ಕುತೂಹಲ. ಆಗ ಭಾರತದಲ್ಲೇ ನಡೆಯುತ್ತಿದ್ದ ಬೇರೊಂದು ದೊಡ್ಡ ಅಧ್ಯಯನವೂ ಅರ್ಧಕ್ಕೆ ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಂತಾಯಿತು. ಸಂಶೋಧಕರು ಅವರನ್ನು ಬಿಡದೆ ಹಿಂಬಾಲಿಸಿದಾಗ, ಹತ್ತು ವರ್ಷ ಕಳೆದರೂ 16 ಮತ್ತು 18ರ ನಿರಂತರ ಸೋಂಕಿನಿಂದ ಒಂದೇ ಡೋಸ್ ಹೆಚ್ಚುಕಡಿಮೆ ಎರಡು ಮೂರು ಡೋಸಿನಷ್ಟೇ ರಕ್ಷಣೆ ಕೊಟ್ಟಿದ್ದು ಕಂಡಿತು. 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೂಡ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದರ ಹಿಂದೆ ಇಂತಹ ಅಧ್ಯಯನಗಳಿವೆ.

ಲಸಿಕೆಯಲ್ಲಿ ಇರುವುದು ವೈರಸ್ಸಿನ ಹೊರಕವಚದ ಪ್ರೋಟೀನು ಮಾತ್ರ; ತಿರುಳಿಲ್ಲದ ತೆಂಗಿನ ಗೆರಟೆಯ ಹಾಗೆ, ಒಳಗೆ ಮೊಳೆಯುವಂಥದ್ದು ಏನೂ ಇಲ್ಲ. ಅದರಿಂದ ಸೋಂಕೂ ಬರುವುದಿಲ್ಲ, ಬಂಜೆತನವೂ ಬರುವುದಿಲ್ಲ. ಮಕ್ಕಳಾಗುವ ಭಾಗ್ಯಕ್ಕೆ ಕುತ್ತು ತರುವುದು ಗರ್ಭಕಂಠದ ಕ್ಯಾನ್ಸರ್ ಮತ್ತು ಅದರ ಚಿಕಿತ್ಸೆ. 12–13ನೇ ವಯಸ್ಸಿನಲ್ಲಿ ಲಸಿಕೆ ಪೂರ್ತಿ ಪಡೆದ ಹುಡುಗಿಯರಲ್ಲಿ ಈ ಕ್ಯಾನ್ಸರಿನ ಒಂದು ಪ್ರಕರಣವೂ ಕಂಡಿಲ್ಲವೆಂದು, 2008ರಲ್ಲಿ ಲಸಿಕೆ ಆರಂಭಿಸಿದ ಸ್ಕಾಟ್ಲೆಂಡಿನಿಂದ 2024ರಲ್ಲಿ ವರದಿ ಬಂದಿದೆ. ತಮ್ಮ ಮಗಳ ವಯಸ್ಸೂ ಅದೇ.

ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಸರ್ವಾವ್ಯಾಕ್ 6, 11, 16 ಮತ್ತು 18ರಿಂದ ರಕ್ಷಿಸುತ್ತದೆ. ಖಾಸಗಿಯಾಗಿ ಒಂದು ಡೋಸಿಗೆ ಸುಮಾರು 2,000 ರೂಪಾಯಿ ಬೆಲೆಗೆ ಮಾರುಕಟ್ಟೆಗೆ ಬಂದಿತ್ತು. ಒಂಬತ್ತು ಬಗೆಗಳನ್ನು ತಡೆಯುವ ವಿದೇಶಿ ಲಸಿಕೆ ಇದಕ್ಕಿಂತ ಹಲವು ಪಟ್ಟು ದುಬಾರಿ. ನಮ್ಮಲ್ಲಿ ಅನುಮತಿ ಇರುವಂತೆ 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದರೆ ಮೂರು. ಖರ್ಚಿನ ದೃಷ್ಟಿಯಿಂದಲೂ ತಡಮಾಡದಿರುವುದು ಲೇಸು. ಸರ್ಕಾರಿ ಲಸಿಕೆ ಲಭ್ಯವಿದೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ಕೇಳಿ. ಈಗಾಗಲೇ ಇರುವ ಸೋಂಕನ್ನು ಲಸಿಕೆ ಗುಣಪಡಿಸುವುದಿಲ್ಲವಾದ್ದರಿಂದ ತಮ್ಮ ಚಿಕಿತ್ಸೆಗೆ ಅದು ಬದಲಿಯಲ್ಲ. ಮಗಳೂ ಲಸಿಕೆ ಪಡೆದ ಮಾತ್ರಕ್ಕೆ 30ರ ನಂತರದ ತಪಾಸಣೆಯನ್ನು ಬಿಡುವಂತಿಲ್ಲ.

— ಪ್ರೌಢಶಾಲಾ ಶಿಕ್ಷಕ, ಸಿದ್ದಾಪುರ

*

ತಂಗೀ, ನಾಲ್ಕು ಮಾತು. ಮುಟ್ಟಿನ ದಿನಗಳನ್ನು ಬಿಟ್ಟು ಕೊಲ್ಪೊಸ್ಕೋಪಿಯ ದಿನ ಗೊತ್ತುಮಾಡಿಸಿಕೊ. ಅದಕ್ಕೆ ಎರಡು ದಿನ ಮೊದಲಿನಿಂದ ಸಂಪರ್ಕ ಬೇಡ, ಒಳಗೆ ಇಡುವ ಮಾತ್ರೆ, ಮುಲಾಮು ಬೇಡ. ಹಳೆಯ ವರದಿಗಳ ಜೊತೆ ರೇಷನ್ ಕಾರ್ಡು, ಆಧಾರ್ ಒಯ್ಯಿ. ಮುಂದೆ ದೊಡ್ಡ ಚಿಕಿತ್ಸೆಯೇ ಬೇಕಾದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ, ಅದನ್ನೂ ವಿಚಾರಿಸಿಟ್ಟುಕೊ. ನೆರೆಹೊರೆಗೆಲ್ಲ ವರದಿಯ ವಿಷಯ ಹೇಳುತ್ತ ಹೋಗಬೇಡ. ಕೇಳಿದವರಿಗೆ ತಪಾಸಣೆಗೆ ಹೋಗಿದ್ದೆ ಎಂದರೆ ಸಾಕು.

ಅತ್ತೆಗೆ ಮಾತ್ರ ಹೇಳು. 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಗರ್ಭಕಂಠದ ತಪಾಸಣೆ ಮಾಡಬೇಕೆಂಬ ಕಾರ್ಯಕ್ರಮವಿದೆ. ನಾನು ಮನೆಮನೆಗೆ ಹೋಗಿ ಕರೆದರೆ ಸೊಸೆಯಂದಿರು ಬರುತ್ತಾರೆ; ಅತ್ತೆಯಂದಿರು ‘ನಮಗೆ ಎಲ್ಲ ನಿಂತುಹೋಯಿತಲ್ಲ, ಇನ್ನೇನು ನೋಡುವುದು’ ಎಂದು ನಕ್ಕುಬಿಡುತ್ತಾರೆ. ಮುಟ್ಟು ನಿಂತ ಮೇಲೆ ಬಟ್ಟೆಗೆ ಒಂದು ಹನಿ ರಕ್ತ ತಾಗಿದರೂ ಅದೇ ವಾರ ವೈದ್ಯರಿಗೆ ತೋರಿಸಬೇಕು ಎಂಬುದನ್ನು ಅವರಿಗೆ ನೀನೇ ತಿಳಿಸು. ಅವರ ವಯಸ್ಸು 65ರ ಒಳಗಿದ್ದರೆ ತಪಾಸಣೆಗೆ ನಿನ್ನ ಜೊತೆಗೇ ಕರೆದುಕೊಂಡು ಹೋಗು. ಮೊಮ್ಮಗಳ ಲಸಿಕೆಯ ಬಗ್ಗೆ ಅವರ ಮನಸ್ಸಿನಲ್ಲಿರುವುದನ್ನು ಅಲ್ಲಿನ ವೈದ್ಯರನ್ನೇ ನೇರವಾಗಿ ಕೇಳಲಿ.

— ಆಶಾ ಕಾರ್ಯಕರ್ತೆ, ಅಂಕೋಲಾ ತಾಲೂಕು