ಹಳೇ ಸ್ಕೂಟರಿಗೆ ಪರ್ಫಾರ್ಮೆನ್ಸ್ ಸೈಲೆನ್ಸರ್: ಹಾಕಿಸಿದವರು ಅನುಭವ ಹೇಳಿ

ಕೇಳಿದವರು, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ ಎಲ್‌ಎಂಎಲ್ ವೆಸ್ಪಾ ಎನ್‌ವಿ 150 ಈಗ ನನ್ನ ಕೈಯಲ್ಲಿದೆ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ್ದೇನೆ. ಉಳಿದಿದ್ದೆಲ್ಲ ಕಂಪನಿಯದೇ, ಕಾರ್ಬೊರೇಟರ್ ಸ್ಪಾಕೊ 20/20. ವಾರವಿಡೀ ಪೇಟೆ ಓಡಾಟ, ರಜೆ ಬಂದರೆ ತೀರ್ಥಹಳ್ಳಿ, ಆಗುಂಬೆ ಕಡೆ. ಇಬ್ಬರು ಕೂತರೆ ಏರಿನಲ್ಲಿ ಮೂರನೇ ಗೇರ್ ಎಳೆಯುವುದೇ ಇಲ್ಲ.

ಸೈಲೆನ್ಸರ್ ಬದಲಾಯಿಸೋಣ ಅಂದರೆ ಎರಡು ದಾರಿ ಕಾಣಿಸುತ್ತಿದೆ. ಒಂದು, ನೋಡೋಕೆ ಕಂಪನಿಯದರ ಹಾಗೇ ಇರುವ ಫಾರಿನ್ ಬಾಕ್ಸ್ ಪೈಪ್. ಇನ್ನೊಂದು, ಹೊಟ್ಟೆ ಉಬ್ಬಿದ ಎಕ್ಸ್‌ಪಾನ್ಶನ್ ಚೇಂಬರ್. ಅದನ್ನು ಇಲ್ಲೇ ಒಬ್ಬರು ಶೀಟ್ ಸುತ್ತಿ ಮಾಡಿಕೊಡುತ್ತಾರಂತೆ. ಯಾವುದು ಸರಿ? ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಬದಲಾಯಿಸಲೇಬೇಕಾ? ಮೈಲೇಜ್ ಎಷ್ಟು ಬೀಳುತ್ತದೆ? ಪೊಲೀಸರ ಕಾಟ ಇದೆಯಾ?

ಎಲ್‌ಎಂಎಲ್ ಓಡಿಸುವವರು, ಮೈಸೂರು:

ದುಡ್ಡು ಖರ್ಚು ಮಾಡುವ ಮುಂಚೆ ಈಗಿರುವ ಸೈಲೆನ್ಸರ್ ಬಿಚ್ಚಿ. ಸಿಲಿಂಡರ್ ಹತ್ತಿರ ಒಂದು ಕ್ಲ್ಯಾಂಪ್, ಎಂಜಿನ್ ತೋಳಿಗೆ ಒಂದು ಬೋಲ್ಟ್, ಅಷ್ಟೇ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಆಯಿಲ್ ಬಿಟ್ಟಿಡಿ. ಬಿಚ್ಚಿದ ಮೇಲೆ ಕೈಯಲ್ಲಿ ಎತ್ತಿ ನೋಡಿ. ವರ್ಷಗಟ್ಟಲೆ ಟೂಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಆಯಿಲ್) ಕುಡಿದ ಡಬ್ಬ ಹೊಸದಕ್ಕಿಂತ ಎಷ್ಟು ಭಾರ ಅನ್ನೋದು ಕೈಗೇ ಗೊತ್ತಾಗುತ್ತದೆ. ಅದೆಲ್ಲ ಕಾರ್ಬನ್. ನನ್ನ ಗಾಡಿಯಲ್ಲಿ ಸಿಲಿಂಡರಿನಿಂದ ಡಬ್ಬಕ್ಕೆ ಬರುವ ಬೆಂಡ್ ಪೈಪಿನ ಬಾಯಿ ಕಿರುಬೆರಳು ಹೋಗುವಷ್ಟಕ್ಕೆ ಬಂದಿತ್ತು.

ಹಾಗೇ ಸಿಲಿಂಡರಿನಲ್ಲಿ ಹೊಗೆ ಹೊರಬರುವ ತೂತಿಗೂ, ಅಂದರೆ ಎಕ್ಸಾಸ್ಟ್ ಪೋರ್ಟಿಗೂ, ಟಾರ್ಚ್ ಬಿಟ್ಟು ನೋಡಿ. ಕಾರ್ಬನ್ ಕೆರೆಯುವಾಗ ಪಿಸ್ಟನ್ನನ್ನು ಪೂರ್ತಿ ತುದಿಗೆ ತಂದು ಪೋರ್ಟ್ ಮುಚ್ಚಿಕೊಳ್ಳಿ, ಪುಡಿ ಒಳಗೆ ಬೀಳಬಾರದು. ಸ್ಕ್ರೂಡ್ರೈವರ್ ಬೇಡ, ಮರದ ಕಡ್ಡಿ ಸಾಕು. ಸೈಲೆನ್ಸರನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿಡುವವರಿದ್ದಾರೆ, ಬೆಂಕಿಗೆ ಹಾಕಿ ಸುಡುವವರಿದ್ದಾರೆ. ಸೋಡಾ ಆದರೆ ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬೇಡಿ. ಇಷ್ಟು ಮಾಡಿಸಿದ ಮೇಲೆ ನನಗೆ ಹೊಸ ಪೈಪೇ ಬೇಡ ಅನ್ನಿಸಿತು. ನಿಮಗೆ ಹಾಗೆ ಅನ್ನಿಸದಿದ್ದರೆ ಮುಂದಿನ ಮಾತು.

ಚೇತಕ್ ಓಡಿಸುವವರು, ಹಾಸನ:

ನಾನು ಎಕ್ಸ್‌ಪಾನ್ಶನ್ ಚೇಂಬರ್ ಹಾಕಿಸಿದವನು. ಆರ್‌ಪಿಎಂ ಏರಿದ ಮೇಲೆ ಗಾಡಿ ಎದ್ದು ನುಗ್ಗುವುದು ನಿಜ, ಮಜಾ ಇದೆ. ಆದರೆ ಅದು ಕೆಳಗಿನ ಆರ್‌ಪಿಎಂನ ಎಳೆತ ತಿಂದುಬಿಡುತ್ತದೆ. ಸಕಲೇಶಪುರ ದಾಟಿ ಶಿರಾಡಿ ಇಳಿದು, ವಾಪಸ್ ಹತ್ತುವಾಗ ಲಾರಿ ಹಿಂದೆ ಸಿಕ್ಕಿಹಾಕಿಕೊಂಡರೆ ಆ ಪೈಪಿನಿಂದ ಏನೂ ಉಪಯೋಗ ಇಲ್ಲ. ಮೂರರಲ್ಲಿ ಚೆನ್ನಾಗಿ ಕೂಗಿಸಿ ನಾಲ್ಕಕ್ಕೆ ಹಾಕುತ್ತೀರಿ, ಆರ್‌ಪಿಎಂ ದಬಕ್ಕನೆ ಬೀಳುತ್ತದೆ, ಪೈಪ್ ಕೆಲಸ ಮಾಡುವ ಜಾಗದಿಂದ ಎಂಜಿನ್ ಹೊರಗೆ ಬಂದುಬಿಡುತ್ತದೆ. ಮತ್ತೆ ಮೂರು. ಇಬ್ಬರು ಕೂತು ಘಾಟಿ ಹತ್ತೋಕೆ ಅಂತ ಕೇಳಿದ್ದೀರಲ್ಲ, ನಿಮಗೆ ಬೇಕಾಗಿರುವುದರ ಉಲ್ಟಾ ಇದು.

ನನಗಂತೂ ಇಷ್ಟ, ತೆಗೆಯುವುದಿಲ್ಲ. ಒಬ್ಬನೇ ಓಡಿಸುತ್ತೇನೆ, ಹೈವೇ ಜಾಸ್ತಿ.

ಗ್ಯಾರೇಜ್ ಇಟ್ಟವರು, ಬೆಂಗಳೂರು:

ಹಾಸನದವರು ಹೇಳಿದ್ದು ಯಾಕೆ ಹಾಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ತಿಳಿದರೆ ಯಾವ ಪೈಪ್ ಬೇಕು ಅಂತ ನೀವೇ ತೀರ್ಮಾನ ಮಾಡಬಹುದು.

ಈ ಟೂ-ಸ್ಟ್ರೋಕಿನಲ್ಲಿ ಎಕ್ಸಾಸ್ಟಿಗೆ ವಾಲ್ವ್ ಇಲ್ಲ. ಪೋರ್ಟ್ ತೆರೆದಾಗ ಹೊಗೆ ಹೊರಗೆ ಹೋಗುತ್ತದೆ, ಅದರ ಹಿಂದೆಯೇ ಹೊಸ ಪೆಟ್ರೋಲ್-ಗಾಳಿಯೂ ಸ್ವಲ್ಪ ಹೋಗಿಬಿಡುತ್ತದೆ. ಪೋರ್ಟ್ ತೆರೆದ ಕೂಡಲೇ ಒತ್ತಡದ ಅಲೆಯೊಂದು ಪೈಪಿನಲ್ಲಿ ಹೊರಡುತ್ತದೆ. ಪೈಪ್ ಅಗಲವಾಗುವ ಕಡೆ ಅದು ಎಳೆಯುವ ಅಲೆಯಾಗಿ ಹಿಂದಿರುಗಿ ಹೊಗೆಯನ್ನು ಹೊರಗೆಳೆಯುತ್ತದೆ. ಮುಂದೆ ಪೈಪ್ ಮತ್ತೆ ಕಿರಿದಾಗುವ ಕಡೆ ಬಡಿದು ತಳ್ಳುವ ಅಲೆಯಾಗಿ ಬರುತ್ತದೆ. ಬಾಗಿಲು ಹಾಕುವ ಮುಂಚೆ ಕಂಡಕ್ಟರ್ ಫುಟ್‌ಬೋರ್ಡಿನವರನ್ನು ಬಸ್ಸಿನೊಳಗೆ ನೂಕುವ ಹಾಗೆ, ಹೊರಗೆ ಸೋರಿದ್ದನ್ನು ಮತ್ತೆ ಸಿಲಿಂಡರಿಗೆ ತುರುಕುತ್ತದೆ. ಇದನ್ನು ರೇಸಿಗೆ ಹದ ಮಾಡಿದವರು ಪೂರ್ವ ಜರ್ಮನಿಯ ಎಂಜೆಡ್ ಬೈಕ್ ಕಂಪನಿಯ ವಾಲ್ಟರ್ ಕಾಡೆನ್. 1961ರಲ್ಲಿ ಅವರ ರೈಡರ್ ಎರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಸುಜುಕಿ ಸೇರಿದರು. ಗುಟ್ಟೂ ಜಪಾನಿಗೆ ಹೋಯಿತು. ಮರು ವರ್ಷವೇ ಸುಜುಕಿ 50 ಸಿಸಿ ಚಾಂಪಿಯನ್.

ಇಡೀ ಆಟ ಟೈಮಿಂಗಿನದು. 6000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸೆಕೆಂಡಿನ ನೂರರಲ್ಲಿ ಒಂದು ಭಾಗ. ಅದರಲ್ಲೂ ಅರ್ಧಕ್ಕಿಂತ ಕಡಿಮೆ ಹೊತ್ತು ಮಾತ್ರ ಪೋರ್ಟ್ ತೆರೆದಿರುತ್ತದೆ. ಅಷ್ಟರೊಳಗೆ ಅಲೆ ಹೋಗಿ ಬರಬೇಕು. ಪೈಪಿನ ಉದ್ದ, ಕೋನಿನ ಓರೆ ಯಾವ ಆರ್‌ಪಿಎಂಗೆ ಲೆಕ್ಕ ಹಾಕಿದ್ದೋ ಅಲ್ಲಿ ಮಾತ್ರ ಲಾಭ, ಬೇರೆ ಕಡೆ ಅದೇ ಅಲೆ ತಪ್ಪು ಹೊತ್ತಿಗೆ ಬಂದು ತೊಂದರೆ ಕೊಡುತ್ತದೆ. ರೇಸ್ ಪೈಪನ್ನು ಮೇಲಿನ ಆರ್‌ಪಿಎಂಗೆ, ಪೋರ್ಟ್ ದೊಡ್ಡ ಮಾಡಿದ ಸಿಲಿಂಡರಿಗೆ ಅಂತ ಮಾಡಿರುತ್ತಾರೆ. ನಿಮ್ಮ ಕಂಪನಿ ಸಿಲಿಂಡರ್ ಅಲ್ಲಿಗೆ ಹೋಗುವುದೇ ಇಲ್ಲ. ಇನ್ನು ಫೋಟೋ ನೋಡಿ ಶೀಟ್ ಸುತ್ತಿದ ಪೈಪಿನಲ್ಲಿ ಯಾವ ಲೆಕ್ಕವೂ ಇರುವುದಿಲ್ಲ, ಸುಮ್ನೆ ಶಬ್ದ. ಅದನ್ನು ಬಿಟ್ಟುಬಿಡಿ.

ಘಾಟಿಗೆ, ಜೋಡಿ ಸವಾರಿಗೆ ಬಾಕ್ಸ್ ಪೈಪೇ ಸರಿ. ಹೊರಗೆ ಕಂಪನಿ ಡಬ್ಬದ ಹಾಗೆ, ಒಳಗಿನ ಕೋಣೆ ಬೇರೆ. ಇಟಲಿಯ ಸಿಟೊ ಪ್ಲಸ್ ಕಡಿಮೆ ಬೆಲೆಯದು, ಜರ್ಮನಿಯ ಸಿಪ್ ರೋಡ್, ಬಿಜಿಎಂ ಬಿಗ್‌ಬಾಕ್ಸ್ ಅದಕ್ಕಿಂತ ಮೇಲು. ಎಲ್‌ಎಂಎಲ್ ಎಂಜಿನ್ ಇಟಲಿಯ ವೆಸ್ಪಾ ಪಿಎಕ್ಸ್ ಮನೆತನದ್ದೇ ಆದ್ದರಿಂದ ಪಿಎಕ್ಸ್ 125/150 ಅಂತ ಬರೆದಿರುವುದು ತರಿಸಿ. 200 ಸಿಸಿ ಪಿಎಕ್ಸ್ ಪೈಪ್ ಬೇರೆ, ಅಪ್ಪಿತಪ್ಪಿ ತರಿಸಬೇಡಿ.

ಉಡುಪಿಯಿಂದ ಒಬ್ಬರು:

ಪೊಲೀಸ್ ವಿಷಯ. ನಮ್ಮ ರಾಜ್ಯದಲ್ಲಿ ಸೈಲೆನ್ಸರ್ ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ವಿಡಿಯೋ ನೋಡದವರು ಯಾರು? ಅದರಲ್ಲಿ ಬಹುಪಾಲು ಬುಲೆಟ್ ಪೈಪ್, ಆದರೆ ಶಬ್ದ ಮಾಡಿದರೆ ಸ್ಕೂಟರನ್ನೂ ನಿಲ್ಲಿಸುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರದಿಂದ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಅದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಶಬ್ದ, ಹೊಗೆ ಅಂತ ಅದೇ ಕಾಯ್ದೆಯ ಸೆಕ್ಷನ್ 190(2) ಹಾಕಿದರೆ ಮೊದಲ ಸಲವೇ 10,000ದವರೆಗೆ ಹೋಗಬಹುದು. ಬಾಕ್ಸ್ ಪೈಪ್ ಕಣ್ಣಿಗೂ ಕಿವಿಗೂ ಅಷ್ಟಾಗಿ ಬೀಳುವುದಿಲ್ಲ ಅನ್ನೋದು ಬೇರೆ ಮಾತು, ಕಾನೂನಿನಲ್ಲಿ ಅದಕ್ಕೇನೂ ರಿಯಾಯಿತಿ ಇಲ್ಲ. ಹಳೇ ಸೈಲೆನ್ಸರ್ ಗುಜರಿಗೆ ಹಾಕಬೇಡಿ. ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸುವಾಗ ಅದು ಬೇಕಾಗುತ್ತದೆ.

ಪಿಎಕ್ಸ್ ಓಡಿಸುವ ಕನ್ನಡಿಗರು, ಜರ್ಮನಿ:

ಇಲ್ಲೂ ಕಥೆ ಅದೇ, ಇನ್ನೂ ಬಿಗಿ. ಪೈಪಿನ ಮೇಲೆ ಇ-ಮಾರ್ಕ್ (ಯುರೋಪಿನ ಒಪ್ಪಿಗೆಯ ಗುರುತು) ಇರಬೇಕು, ಇಲ್ಲದಿದ್ದರೆ ಪರೀಕ್ಷೆ ಮಾಡಿಸಿ ಗಾಡಿ ಪೇಪರಿನಲ್ಲಿ ಬರೆಸಬೇಕು. ಬಾಕ್ಸ್ ಪೈಪ್‌ಗಳು ಇಷ್ಟು ಓಡಲು ಇದೂ ಒಂದು ಕಾರಣ. ನನ್ನದು ಬಾಕ್ಸ್. ಟಾಪ್ ಸ್ಪೀಡ್ ಹೇಳಿಕೊಳ್ಳುವಷ್ಟು ಏರಲಿಲ್ಲ. ಆದರೆ ಏರಿನಲ್ಲಿ ನಾಲ್ಕನೇ ಗೇರ್ ಬಿಡದೆ ಎಳೆಯುತ್ತದೆ, ಮೊದಲು ಅಲ್ಲಿ ಮೂರಕ್ಕೆ ಇಳಿಸಲೇಬೇಕಿತ್ತು.

ವಿಜಯ್ ಸೂಪರ್ ಓಡಿಸುವವರು, ದಾವಣಗೆರೆ:

ನಮ್ಮದು ಲ್ಯಾಂಬ್ರೆಟಾ ವಂಶ. ಲ್ಯಾಂಬ್ರೆಟಾ ಮಾಡುತ್ತಿದ್ದ ಮಿಲಾನಿನ ಇನ್ನೊಸೆಂಟಿ ಕಂಪನಿಯ ಯಂತ್ರಗಳೆಲ್ಲ ಲಖನೌಗೆ ಬಂದು ಹುಟ್ಟಿದ ಗಾಡಿ. ನಮಗೆ ಕ್ಲಬ್‌ಮನ್ ಪೈಪ್ ಅಂತ ಬರುತ್ತದೆ. ವೆಸ್ಪಾದವರಿಗೆ ಅದು ಬೇಡ, ಆದರೆ ಫಿಟಿಂಗ್ ಪಾಠ ಎಲ್ಲರಿಗೂ ಒಂದೇ. ಬೆಂಡ್ ಪೈಪ್ ಸೇರುವ ಕಡೆ ಸೋರಿಕೆ ಇದ್ದರೆ ಟ್ಯೂನಿಂಗ್ ಎಲ್ಲಾ ವ್ಯರ್ಥ. ಸೋರುವ ಕಡೆ ಕಪ್ಪು ಎಣ್ಣೆ ಜಿಡ್ಡು ಕಾಣಿಸುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಬ್ರಾಕೆಟ್ ಬೋಲ್ಟ್ ಬಿಗಿಯುವಾಗ ಪೈಪನ್ನು ಎಳೆದು ಕೂರಿಸಬೇಡಿ. ತೂತು ಸರಿಯಾಗಿ ಕೂರದಿದ್ದರೆ ವಾಷರ್ ಕೊಟ್ಟು ಕೂರಿಸಿ. ಬಲವಂತದಿಂದ ಕೂರಿಸಿದ ಬ್ರಾಕೆಟ್ ಬಿರುಕು ಬಿಟ್ಟೇ ಬಿಡುತ್ತದೆ. ನೈಲಾನ್ ಇರುವ ಲಾಕ್ ನಟ್ ಬೇಡ, ಬಿಸಿಗೆ ಕರಗುತ್ತದೆ. ಪೂರ್ತಿ ಲೋಹದ್ದು ಹಾಕಿ, ಮೊದಲ ಸಲ ಓಡಿಸಿ ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.

ಗ್ಯಾರೇಜ್ ಇಟ್ಟವರು, ಬೆಂಗಳೂರು:

ದಾವಣಗೆರೆಯವರ ಮಾತಿಗೆ ಸೇರಿಸಿ: ವೆಸ್ಪಾದಲ್ಲಿ ಪೈಪ್ ಎಂಜಿನ್ ಜೊತೆಗೇ ಮೇಲೆ ಕೆಳಗೆ ಆಡುತ್ತದೆ. ಆದ್ದರಿಂದ ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ನೋಡಿದರೆ ಸಾಲದು. ಇಬ್ಬರನ್ನು ಕೂರಿಸಿ ನೋಡಿ, ಕಿಕ್ಕರ್ ಪೂರ್ತಿ ಒತ್ತಿ ನೋಡಿ, ಸ್ಟ್ಯಾಂಡ್ ಮಡಚಿ ಬಿಚ್ಚಿ ನೋಡಿ. ಟೈರಿಗೂ ಪೈಪಿಗೂ ನಡುವೆ ಬೆರಳು ಆಡಬೇಕು. ಹಿಂದಿನ ಚಕ್ರ ಬಿಚ್ಚೋಕೆ ಆಗುತ್ತದಾ ಅಂತಲೂ ನೋಡಿ. ಕೆಲವು ಎಕ್ಸ್‌ಪಾನ್ಶನ್ ಪೈಪಿನಲ್ಲಿ ಪಂಕ್ಚರ್ ಆದರೆ ಮೊದಲು ಪೈಪ್ ಬಿಚ್ಚಬೇಕು. ಸ್ಟೆಪ್ನಿ ಇದ್ದೂ ಪ್ರಯೋಜನ ಇಲ್ಲ.

ಈಗ ಜೆಟ್. ಬದಲಾಯಿಸಲೇಬೇಕಾ ಅಂತ ಕೇಳಿದ್ದೀರಿ. ಹೌದು, ಬೇರೆ ಮಾತೇ ಇಲ್ಲ. ಪೈಪ್ ತಂದು ಜೆಟ್ ಮುಟ್ಟದೆ ಓಡಿಸಿ ಪಿಸ್ಟನ್ ಹಿಡಿಸಿಕೊಂಡ (ಬಿಸಿಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡ) ಗಾಡಿಗಳೇ ನನ್ನ ಹತ್ತಿರ ಜಾಸ್ತಿ ಬರುವುದು. ಪೈಪ್ ಜಾಸ್ತಿ ಗಾಳಿ ಎಳೆಸುತ್ತದೆ, ಪೆಟ್ರೋಲ್ ಅಷ್ಟೇ ಬರುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಈಗ ಬಂಕಿನಲ್ಲಿ ಸಿಗುವ, ಶೇಕಡ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನಿಂದ ಮಿಶ್ರಣ ಮೊದಲೇ ಸ್ವಲ್ಪ ತೆಳು. ಎರಡೂ ಸೇರಿದರೆ ಕಷ್ಟ.

ಬಲಗಡೆ ಡೂಮ್ (ಎಂಜಿನ್ ಮುಚ್ಚುವ ಉಬ್ಬು ಕವರ್) ತೆಗೆಯಿರಿ, ಕಾರ್ಬೊರೇಟರ್ ಡಬ್ಬದ ಮುಚ್ಚಳ, ಏರ್ ಫಿಲ್ಟರ್ ತೆಗೆದರೆ ಕೆಳಗೆ ಹಿತ್ತಾಳೆಯ ಉದ್ದ ಕಡ್ಡಿ. ದಪ್ಪ ಸ್ಕ್ರೂಡ್ರೈವರಿನಿಂದ ತಿರುಗಿಸಿ ಮೇಲೆತ್ತಿ. ಮೇಲೆ ಏರ್ ಜೆಟ್, ನಡುವೆ ತೂತು ತೂತಿನ ಟ್ಯೂಬ್, ಕೆಳತುದಿಯಲ್ಲಿ ಮೇನ್ ಜೆಟ್. ಎಳೆದರೆ ಬರುತ್ತದೆ. ಮೇಲಿನ ಎರಡನ್ನು ಹಾಗೇ ಬಿಡಿ. ಮೇನ್ ಜೆಟ್ ಮೇಲೆ ನಂಬರ್ ಕೊರೆದಿರುತ್ತದೆ. 100 ಅಂದರೆ ತೂತು ಸರಿಯಾಗಿ 1 ಮಿಮೀ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ 100ರ ಆಸುಪಾಸು ಇರುತ್ತದೆ. ನಿಮ್ಮದರಲ್ಲಿ ಎಷ್ಟಿದೆ ಮೊದಲು ನೋಡಿ, ಅಲ್ಲಿಂದ ಮೇಲೆ ನಾಲ್ಕೈದು ಸೈಜ್ ಕೈಯಲ್ಲಿ ಇಟ್ಟುಕೊಳ್ಳಿ.

ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ, ಯಾವತ್ತೂ ಉಲ್ಟಾ ಬೇಡ. ಜೆಟ್ ದೊಡ್ಡದಾದರೆ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಗುಳುಗುಳು ಅಂತ ಎಡವುತ್ತದೆ, ಹಾಳಾಗುವುದಿಲ್ಲ. ಚಿಕ್ಕದಾದರೆ ಚೆನ್ನಾಗಿ ಓಡುತ್ತಾ ಓಡುತ್ತಾ ಹಿಡಿದುಕೊಳ್ಳುತ್ತದೆ. ಎಡವುವುದು ನಿಂತ ಸೈಜಿಗೆ ಬಂದ ಮೇಲೆ ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಹಾಗೇ ಎಂಜಿನ್ ಆಫ್ ಮಾಡಿ. ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಕಾಫಿ ಬಣ್ಣ ಇದ್ದರೆ ಸರಿ. ಬಿಳಿ ಇದ್ದರೆ ಅಲ್ಲೇ ದೊಡ್ಡ ಜೆಟ್ ಹಾಕಿ ಮನೆಗೆ ಹೋಗಿ. ಏರು ಜಾಸ್ತಿ ಇರುವ ಕಡೆ ಓಡಿಸುವವರು ಎನ್‌ಜಿಕೆ ಬಿ7ಎಚ್‌ಎಸ್ ಬದಲು ಬಿ8ಎಚ್‌ಎಸ್ ಹಾಕುವುದುಂಟು, ಅದು ಒಂದು ಹಂತ ತಣ್ಣಗಿನ ಪ್ಲಗ್. ಪೇಟೆಯಲ್ಲೇ ಓಡಿಸಿದರೆ ಅದು ಕಪ್ಪಾಗುತ್ತದೆ.

ಆಗುಂಬೆ ಇಳಿಯುವಾಗ ಇನ್ನೊಂದು. ಟೂ-ಸ್ಟ್ರೋಕಿಗೆ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ತಿರುವು ತಿರುವಾಗಿ ಇಳಿದರೆ ಎಂಜಿನ್ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ತೀರಾ ಕಡಿಮೆ ಬರುತ್ತದೆ. ಆಗಾಗ ಕ್ಲಚ್ ಹಿಡಿದು ಒಂದು ಸಲ ರೈಸ್ ಮಾಡಿ. ಲೀಟರಿಗೆ 20 ಎಂಎಲ್ ಆಯಿಲ್ ಹಾಕಿ, ಹೊಗೆ ಬರುತ್ತದೆ ಅಂತ ಕಡಿಮೆ ಮಾಡಬೇಡಿ.

ಮೈಲೇಜ್ ಬೀಳುತ್ತದೆ. ಎಷ್ಟು ಅನ್ನೋದು ನಿಮ್ಮ ಬಲಗೈ ಮೇಲೆ.

ಕೇಳಿದವರು, ಶಿವಮೊಗ್ಗ:

ಎಲ್ಲರಿಗೂ ಥ್ಯಾಂಕ್ಸ್. ಮೊದಲು ಹಳೇ ಡಬ್ಬ ಬಿಚ್ಚಿ ಕಾರ್ಬನ್ ತೆಗೆಸುತ್ತೇನೆ. ಆಮೇಲೂ ಏರಿನಲ್ಲಿ ಎಳೆಯದಿದ್ದರೆ ಬಾಕ್ಸ್ ಪೈಪ್ ಮತ್ತು ಜೆಟ್ ಒಟ್ಟಿಗೆ ತರಿಸುತ್ತೇನೆ. ಶೀಟ್ ಸುತ್ತುವವರಿಗೆ ಬೇಡ ಅಂತ ಹೇಳಿಬಿಟ್ಟೆ. ಜೆಟ್ ಎಲ್ಲಿ ಸಿಗುತ್ತದೆ? ಇಲ್ಲಿನ ಅಂಗಡಿಯವರು ಇರುವ ಜೆಟ್ಟಿಗೇ ಡ್ರಿಲ್ ಹಾಕಿಕೊಡುತ್ತೇನೆ ಅಂತಾರೆ.

ಗ್ಯಾರೇಜ್ ಇಟ್ಟವರು, ಬೆಂಗಳೂರು:

ಡ್ರಿಲ್ ಹಾಕಿಸಬೇಡಿ. ಒಳಗಿನ ತೂತು ಒರಟಾಗುತ್ತದೆ, ಮೇಲೆ ಬರೆದ ನಂಬರೂ ಸುಳ್ಳಾಗುತ್ತದೆ. ಆಮೇಲೆ ಲೆಕ್ಕ ಇಡೋಕೆ ಆಗಲ್ಲ. ಬೆಂಗಳೂರಿಗೆ ಬಂದಾಗ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಇಲ್ಲಾ ಪೈಪ್ ತರಿಸುವ ಕಡೆಯೇ ಡೆಲ್‌ಒರ್ಟೊ ಎಸ್‌ಐ ಮೇನ್ ಜೆಟ್ ಸೆಟ್ ಅಂತ ಕೇಳಿ ತರಿಸಿಕೊಳ್ಳಿ, ನಿಮ್ಮ ಸ್ಪಾಕೊ ಕಾರ್ಬೊರೇಟರ್ ಅದೇ ನಮೂನೆಯದು. ಬಂದ ಮೇಲೆ ಬೆಳಕಿಗೆ ಹಿಡಿದು ನೋಡಿ, ತೂತು ದುಂಡಗೆ, ನುಣ್ಣಗೆ ಕಾಣಬೇಕು. ನಿಮ್ಮ ಹಳೇ ಜೆಟ್ಟಿನ ನಂಬರ್ ಗೊತ್ತಾದರೆ ಇಲ್ಲೇ ಹಾಕಿ, ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತೇನೆ.