ತಮ್ಮನ ಕಣ್ಣು ಹಳದಿ, ಜಿಮ್ ಮಾತ್ರೆಯಿಂದಾನಾ?

ಪ್ರಶ್ನೆ (ವಿಜಯನಗರದಿಂದ): ನಮಸ್ಕಾರ ಡಾಕ್ಟ್ರೇ. ನನ್ನ ತಮ್ಮನಿಗೆ 26 ವರ್ಷ. ಬಾಡಿಬಿಲ್ಡಿಂಗ್ ಕಾಂಪಿಟಿಷನ್ನಿಗೆ ಅಂತ ಟ್ರೈನರ್ ಕೊಟ್ಟ ಸ್ಟಾನೊಜೊಲೋಲ್ ಅನ್ನೋ ಸ್ಟಿರಾಯ್ಡ್ ಮಾತ್ರೆ ಎರಡು ತಿಂಗಳಿಂದ ತಗೋತಿದ್ದಾನೆ. ಈಗ ಕಣ್ಣು ಹಳದಿ. ರಾತ್ರಿಯೆಲ್ಲ ಅಂಗೈ ಅಂಗಾಲು ಕೆರ್ಕೊಂಡು ಕೂತಿರ್ತಾನೆ. ರಕ್ತಪರೀಕ್ಷೆಯಲ್ಲಿ ಕಣ್ಣು ಹಳದಿ ಮಾಡೋ ಬಿಲಿರುಬಿನ್ 9.8, ಲಿವರ್ ಕಿಣ್ವ ಎಸ್‌ಜಿಪಿಟಿ 88, ಸ್ಕ್ಯಾನ್ ನಾರ್ಮಲ್. 'ವೇಯ್ಟ್ ಎತ್ತೋರಿಗೆ ಎಸ್‌ಜಿಪಿಟಿ ಜಾಸ್ತಿನೇ ಇರುತ್ತೆ, ಲಿವರ್ ಟಾನಿಕ್ ಕುಡಿ, ಕೋರ್ಸ್ ಮುಗಿಸು' ಅಂತಾರೆ ಟ್ರೈನರ್. ನಿಜವಾ?

ಉತ್ತರ (ಲಿವರ್ ತಜ್ಞರು): ಮಾತ್ರೆ ಇವತ್ತೇ ನಿಲ್ಲಿಸಿ, ಮಿಕ್ಕಿದ್ದು ಆಮೇಲೆ ಓದಿ.

ಟ್ರೈನರ್ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಎಸ್‌ಜಿಪಿಟಿ, ಅದರ ಜೊತೆಗೆ ನೋಡೋ ಎಸ್‌ಜಿಒಟಿ, ಈ ಎರಡೂ ಕಿಣ್ವ ಸ್ನಾಯುವಿನಲ್ಲೂ ಇರೋದರಿಂದ ಭಾರೀ ವ್ಯಾಯಾಮದ ಮಾರನೇ ದಿನ ಏರಬಹುದು. ಸಿಪಿಕೆ ಅನ್ನೋ ಸ್ನಾಯುವಿನ ಕಿಣ್ವ ನೋಡಿದರೆ ಅದು ಸ್ನಾಯುವಿಂದ ಬಂದಿದ್ದಾ ಅಂತ ಗೊತ್ತಾಗುತ್ತೆ. ಆದರೆ ಎಷ್ಟೇ ವೇಯ್ಟ್ ಎತ್ತಿದರೂ ಬಿಲಿರುಬಿನ್ 9.8ಕ್ಕೆ ಹೋಗಲ್ಲ. ನೀವು ನೋಡಬೇಕಾದ ಸಂಖ್ಯೆ ಅದು. ಈ ಥರದ ಜಾಂಡೀಸ್‌ನಲ್ಲಿ ಎಸ್‌ಜಿಪಿಟಿ ಅಷ್ಟಾಗಿ ಏರೋದೇ ಇಲ್ಲ, ಅದಕ್ಕೇ ಜನ ಮೋಸ ಹೋಗ್ತಾರೆ.

ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನನ್ನು ಹಾಗೇ ನುಂಗಿದರೆ ಹೆಚ್ಚಿನ ಪಾಲನ್ನು ಲಿವರ್ ಅಲ್ಲೇ ಒಡೆದುಹಾಕುತ್ತೆ. ಹಾಗಾಗದಿರಲಿ ಅಂತ ಅದರ ರಚನೆಯ 17ನೇ ಇಂಗಾಲಕ್ಕೆ ಒಂದು ಮೀಥೈಲ್ ಗುಂಪು ಸೇರಿಸ್ತಾರೆ. ಸ್ಟಾನೊಜೊಲೋಲ್, ಆಕ್ಸಾಂಡ್ರೋಲೋನ್, ಮೆಥಾಂಡಿಯೆನೋನ್ ಎಲ್ಲ ಇದೇ ಜಾತಿ. ಒಡೆಯಲು ಕಷ್ಟವಾದ ಈ ಔಷಧದಿಂದ ಕೆಲವರಲ್ಲಿ ಲಿವರ್ ಕೋಶಗಳು ಪಿತ್ತವನ್ನು ಹೊರಹಾಕೋದೇ ಕುಂಠಿತವಾಗುತ್ತೆ. ನಾಳದಲ್ಲಿ ಕಲ್ಲಿಲ್ಲ, ಅಡ್ಡಿಯಿಲ್ಲ. ಸ್ಕ್ಯಾನ್ ನಾರ್ಮಲ್ ಬಂದಿದ್ದು ಅದಕ್ಕೇ. ಪಿತ್ತ ರಕ್ತಕ್ಕೆ ತಿರುಗಿದಾಗ ತುರಿಕೆ.

ಆದರೂ ಸ್ಟಿರಾಯ್ಡ್ ತಲೆಗೇ ಕಟ್ಟಿ ಸುಮ್ಮನಾಗೋ ಹಾಗಿಲ್ಲ. ಹೆಪಟೈಟಿಸ್ ಎ, ಬಿ, ಸಿ, ಇ ನಾಲ್ಕೂ ನೋಡಿಸಿ, ಜೊತೆಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋದರ ಪರೀಕ್ಷೆ), ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ). ಬಿಲಿರುಬಿನ್ ತುಂಬಾ ಏರಿದರೆ ಕಿಡ್ನಿಗೂ ಪೆಟ್ಟು ಬೀಳುತ್ತೆ. ಮಾತು ತೊದಲಿದರೆ, ವಿಪರೀತ ಮಂಪರು ಬಂದರೆ, ಒಸಡಲ್ಲಿ ರಕ್ತ ಬಂದರೆ, ಮೂತ್ರ ಕಡಿಮೆಯಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಸೀದಾ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.

ನಿಲ್ಲಿಸಿದ ಮೇಲೂ ಕೆಲವು ವಾರ ಬಿಲಿರುಬಿನ್ ಏರಬಹುದು, ಗಾಬರಿ ಬೇಡ. ಬಹುತೇಕರಿಗೆ ಪೂರ್ತಿ ವಾಸಿಯಾಗುತ್ತೆ, ತಿಂಗಳುಗಟ್ಟಲೆ ಹಿಡಿಯಬಹುದು ಅಷ್ಟೆ. ತುರಿಕೆಗೆ ಔಷಧಿ ಇದೆ, ಡಾಕ್ಟರ್ ಬರೆದುಕೊಡ್ತಾರೆ. ಲಿವರ್ ಟಾನಿಕ್ ಕುಡಿದುಕೊಂಡು ಕೋರ್ಸ್ ಮುಗಿಸೋದು ಮಾತ್ರ ಶುದ್ಧ ಹುಚ್ಚಾಟ.

ಇನ್ನೊಬ್ಬ ಸದಸ್ಯರು: ಸರ್, ನಾನು ಬರೀ ಇಂಜೆಕ್ಷನ್. ಲಿವರ್‌ಗೆ ತೊಂದರೆ ಇಲ್ಲ ಅಲ್ವಾ?

ಉತ್ತರ: ಮಾತ್ರೆಗಿಂತ ಕಡಿಮೆ, ನಿಜ. ಆದರೆ ಒಳ್ಳೆ ಕೊಲೆಸ್ಟ್ರಾಲ್ ಇಳಿಯುತ್ತೆ, ರಕ್ತ ಗಟ್ಟಿಯಾಗುತ್ತೆ, ವೀರ್ಯಾಣು ಕುಸಿಯುತ್ತೆ. ಜಿಮ್ಮಲ್ಲಿ ಒಂದೇ ವಯಲ್ಲು ನಾಲ್ಕು ಜನ ಹಂಚಿಕೊಂಡರೆ ಹೆಪಟೈಟಿಸ್ ಬಿ, ಸಿ ಬರೋ ದಾರಿಯೂ ಅದೇ. ಇನ್ನು ವರ್ಷಗಟ್ಟಲೆ ಸ್ಟಿರಾಯ್ಡ್ ತಗೊಂಡವರ ಲಿವರ್‌ನಲ್ಲಿ ಗಡ್ಡೆ, ರಕ್ತ ತುಂಬಿದ ಗುಳ್ಳೆಗಳು ಕಂಡಿರೋದುಂಟು. ಗುಳ್ಳೆ ಒಡೆದರೆ ಹೊಟ್ಟೆಯೊಳಗೇ ರಕ್ತಸ್ರಾವ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ, ಮಾತ್ರೆ ಬಿಡಿಸಿದ್ದೀನಿ. ಅಮ್ಮ ಕಾಮಾಲೆಗೆ ಸೊಪ್ಪಿನ ಔಷಧಿ ಕುಡಿಸೋಣ ಅಂತಿದ್ದಾರೆ.

ಉತ್ತರ: ಬೇಡ ಅಂತ ನಾನು ಹೇಳಿದೆ ಅಂತ ಅಮ್ಮನಿಗೆ ಹೇಳಿ. ಈಗಲೇ ಸೋತಿರೋ ಲಿವರ್‌ಗೆ ಏನಿದೆಯೋ ಗೊತ್ತಿಲ್ಲದ ಇನ್ನೊಂದು ಔಷಧಿ ಹಾಕೋದು ಬೇಡ. ಪ್ಯಾರಸಿಟಮಾಲ್ ಕೂಡ ಕೇಳದೆ ಕೊಡಬೇಡಿ, ಡ್ರಿಂಕ್ಸ್ ಅಂತೂ ಮುಟ್ಟೋದೇ ಬೇಡ. ಡಾಕ್ಟರ್ ಹತ್ರ ಹೋಗುವಾಗ ಮಾತ್ರೆ ಸ್ಟ್ರಿಪ್ಪು, ಪ್ರೋಟೀನ್ ಡಬ್ಬ, ಜಿಮ್ಮಲ್ಲಿ ಕೊಟ್ಟಿದ್ದೆಲ್ಲಾ ಒಂದು ಕವರಿಗೆ ಹಾಕ್ಕೊಂಡು ಹೋಗಿ.